ಜೇನುಬಣ್ಣದ ಕಿಟಕಿಗಳಲ್ಲಿ ಒಂದು ಭಾನುವಾರ

ಅಮೆರಿಕಕ್ಕೆ ಹೋಗಿ ಬಂದೆ ಎಂದರೆ ಧಾರವಾಡದಲ್ಲಿ ಜನ ಮೊದಲು ಕೇಳುವುದು ಅಲ್ಲಿಯ ಕಟ್ಟಡಗಳು ಎಷ್ಟು ಎತ್ತರ ಎಂದು. ನನಗೆ ಗೊತ್ತಿಲ್ಲ. ನಾನು ಎತ್ತರ ನೋಡಲು ಹೋದವಳಲ್ಲ. ಲಕ್ಕುಂಡಿ, ಡಂಬಳ, ಅಣ್ಣಿಗೇರಿ ಎಂದು ಹಳೆಯ ಗುಡಿಗಳ ಫೋಟೊ ತೆಗೆಯುತ್ತ ತಲೆ ನರೆತವಳು. ನಮ್ಮ ಯಜಮಾನರು ಇದ್ದಾಗ ಸ್ಟುಡಿಯೊ ಕೆಲಸವನ್ನು ಇಬ್ಬರೂ ಹಂಚಿಕೊಂಡಿದ್ದೆವು. ಮದುವೆ, ಸಮಾರಂಭ, ಫ್ಲಾಶು ಅವರ ಪಾಲು. ಗುಡಿ, ಬಿಸಿಲು ನನ್ನ ಪಾಲು. ಅವರು ಹೋದ ಮೇಲೂ ನಾನು ಫ್ಲಾಶು ಮುಟ್ಟಲಿಲ್ಲ. ಕಟ್ಟಿದವನು ಯಾವ ಬೆಳಕನ್ನು ಮನಸ್ಸಿನಲ್ಲಿಟ್ಟುಕೊಂಡು ಕಿಟಕಿ ಇಟ್ಟನೋ ಅದೇ ಬೆಳಕಿನಲ್ಲಿ ನೋಡಬೇಕು ಎಂಬುದು ನನ್ನ ಹಟ.

ಇನ್ನೊಂದು ಹಟವೂ ಇತ್ತು. ಕ್ಯಾಮೆರಾ ನಿಲ್ಲಿಸುವ ಮೊದಲು ಗುಡಿಯಲ್ಲಿದ್ದವರನ್ನೆಲ್ಲ ಹೊರಗೆ ಕಳಿಸುತ್ತಿದ್ದೆ. ಪೂಜಾರಿ, ಭಕ್ತರು, ಕಂಬಕ್ಕೆ ಒರಗಿ ನಿದ್ದೆ ಹೊಡೆಯುವವರು, ಆಡು, ಯಾರಿಗೂ ರಿಯಾಯಿತಿ ಇಲ್ಲ. ಲಕ್ಕುಂಡಿಯಲ್ಲಿ ನನಗೆ ‘ಹೊರಗ ನಡ್ರಿ ಅಕ್ಕಾರು’ ಎಂದೇ ಹೆಸರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಡಲ್ಲಾಸ್

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ಡಿಜಿಟಲ್ ಕ್ಯಾಮೆರಾ ಬಂದಿದ್ದರೂ ನಾನು ಸ್ಲೈಡ್ ಫಿಲ್ಮಿಗೇ ಜೋತುಬಿದ್ದಿದ್ದೆ. ಅಲ್ಲಿಯ ಕನ್ನಡದವರು ನಮ್ಮ ಗುಡಿಗಳ ಸ್ಲೈಡ್ ತೋರಿಸಲು ಕರೆಸಿಕೊಂಡಿದ್ದರು. ವಿಮಾನ ನಿಲ್ದಾಣದಲ್ಲಿ ಫಿಲ್ಮಿನ ಚೀಲವನ್ನು ಎಕ್ಸ್‌ರೇ ಯಂತ್ರಕ್ಕೆ ಹಾಕಬೇಡಿ, ಕೈಯಿಂದ ನೋಡಿ ಎಂದು ನಾನು ಬೇಡಿಕೊಂಡದ್ದನ್ನು ಕಂಡು, ಹಿಂದೆ ಸಾಲಿನಲ್ಲಿದ್ದವರು ಈ ಹೆಂಗಸು ಏನೋ ಕದ್ದು ತರುತ್ತಿದ್ದಾಳೆ ಎಂದುಕೊಂಡಿರಬೇಕು.

ಡಲ್ಲಾಸಿನ ಹತ್ತಿರದ ಸೌತ್‌ಲೇಕ್‌ನಲ್ಲಿ ನನ್ನನ್ನು ಮನೆಯಲ್ಲಿ ಇಳಿಸಿಕೊಂಡವರು ಮೈಸೂರಿನ ಶಾರದಾ ಮತ್ತು ಅವರ ಗಂಡ. ಮನೆ ದೊಡ್ಡದು, ಕಿಟಕಿಗಳು ಇನ್ನೂ ದೊಡ್ಡವು, ಆದರೆ ಎಲ್ಲದಕ್ಕೂ ಪರದೆ. ಬಿಸಿಲು ಒಳಗೆ ಬಂದರೆ ಎಸಿಗೆ ಭಾರವಂತೆ. ಹಗಲು ಹೊತ್ತಿನಲ್ಲಿ ದೀಪ ಹಚ್ಚಿಕೊಂಡು ತಿಂಡಿ ತಿಂದೆವು. ನಾನು ಪರದೆ ಸರಿಸುವುದು, ಶಾರದಾ ನಗುತ್ತಲೇ ಅದನ್ನು ಎಳೆಯುವುದು, ಹೀಗೆ ನಮ್ಮಿಬ್ಬರ ನಡುವೆ ಒಂದು ಸಣ್ಣ ಯುದ್ಧವೇ ನಡೆಯಿತು.

ಸ್ಲೈಡ್ ತೋರಿಸಿದ ಸಂಜೆ ಜನ ಚೆನ್ನಾಗಿ ಸೇರಿದ್ದರು. ಎಲ್ಲ ಮುಗಿದ ಮೇಲೆ ಶಾರದಾ ಅವರ ಮಗಳು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿದಳು. ಈ ಗುಡಿಗಳಿಗೆ ಯಾರೂ ಬರುವುದಿಲ್ಲವೆ, ಒಂದು ಚಿತ್ರದಲ್ಲೂ ಮನುಷ್ಯರಿಲ್ಲವಲ್ಲ ಎಂದು. ಕಟ್ಟಡ ಸರಿಯಾಗಿ ಕಾಣಬೇಕಾದರೆ ಜನ ಇರಬಾರದು ಎಂದು ವಿವರಿಸಿದೆ. ಅವಳು ತಲೆಯಾಡಿಸಿದಳು, ಆದರೆ ಒಪ್ಪಿದಂತೆ ಕಾಣಲಿಲ್ಲ.

ಮರುದಿನ ಊರ ನಡುವೆ ಇರುವ ಕೆಂಪು ಕಲ್ಲಿನ ಹಳೆಯ ಕೋರ್ಟಿನ ಕಟ್ಟಡಕ್ಕೆ ಕರೆದುಕೊಂಡು ಹೋದರು. ಉತ್ತರದ ಗೋಡೆಗೆ ಬಿಸಿಲು ಬೀಳುವುದಿಲ್ಲ, ನೆರಳಿನಲ್ಲೇ ತೆಗೆಯಬೇಕು ಎಂದುಕೊಂಡು ಹೋದರೆ, ಆ ಗೋಡೆಯ ಮೇಲೆ ಝಳಝಳ ಬಿಸಿಲು! ಎದುರಿನ ಗಾಜಿನ ಕಟ್ಟಡವೊಂದು ಸೂರ್ಯನನ್ನು ಹಿಡಿದು ಅತ್ತ ಎಸೆಯುತ್ತಿತ್ತು. ಕಲ್ಲಿನ ಕೆತ್ತನೆಯ ನೆರಳುಗಳೆಲ್ಲ ತಪ್ಪು ದಿಕ್ಕಿಗೆ ಬಿದ್ದಿದ್ದವು. ಕಟ್ಟಿದವರು ಕನಸಿನಲ್ಲೂ ಎಣಿಸದ ಬೆಳಕು ಅದು. ನನಗೆ ಯಾಕೋ ಬೇಜಾರಾಯಿತು. ಟ್ರೈಪಾಡ್ ಮಡಚಿ ವಾಪಸು ಬಂದೆ.

ಹ್ಯೂಸ್ಟನ್, ಶನಿವಾರ

ಹ್ಯೂಸ್ಟನ್‌ನಲ್ಲಿ ನನಗೆ ದಿಕ್ಕಾದವನು ಸಲೀಮ್. ವಿಜಾಪುರದ ಹುಡುಗ, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪದಲ್ಲಿ ಎಂ.ಎಸ್. ಮಾಡುತ್ತಿದ್ದ. ಎನರ್ಜಿ ಕಾರಿಡಾರ್ ಎಂಬ, ತೈಲ ಕಂಪನಿಗಳೇ ತುಂಬಿದ ಕಡೆ ಕೆಲಸ ಮಾಡುವ ಕನ್ನಡಿಗರೊಬ್ಬರ ಮೂಲಕ ಪರಿಚಯವಾದ. ಗೋಳಗುಮ್ಮಟದ ನೆರಳಿನಲ್ಲಿ ಬೆಳೆದವನಿಗೆ ಇಲ್ಲಿ ಸಣ್ಣ ಸಣ್ಣ ಮರದ ಮನೆಗಳ ಮೇಲೆ ಪ್ರೀತಿ ಹುಟ್ಟಿತ್ತು. ಊರ ಒಂದು ಹಳೆಯ ಕೇರಿಯನ್ನು ಅಳೆದು ನಕ್ಷೆ ಬರೆಯುತ್ತಿದ್ದ. ಗುಲಾಮಗಿರಿಯಿಂದ ಬಿಡುಗಡೆಯಾದವರು ಬಂದು ನೆಲೆಸಿ, ಬೀದಿಗೆ ತಾವೇ ಇಟ್ಟಿಗೆ ಹಾಸಿಕೊಂಡ ಕೇರಿ. ಈಗ ಮನೆಗಳು ಒಂದೊಂದಾಗಿ ಬೀಳುತ್ತಿದ್ದವು. ಆ ಕೇರಿಯ ಒಂದು ಪುಟ್ಟ ಚರ್ಚಿನ ಸರದಿಯೂ ಬಂದಿತ್ತು. ಜನ ದೂರದ ಬಡಾವಣೆಗಳಿಗೆ ಶಿಫ್ಟ್ ಆಗಿದ್ದರು, ಛಾವಣಿಯ ಮರ ಕೊಳೆತು ಕುಂಬಾಗಿತ್ತು, ರಿಪೇರಿ ಅವರ ಕೈಲಿ ಆಗದ ಮಾತಾಗಿತ್ತು. ಮರುದಿನ ಕೊನೆಯ ಆರಾಧನೆ. ಸೋಮವಾರ ಜಾಗ ಕೊಂಡವರಿಗೆ ಬೀಗದ ಕೈ ಕೊಡಬೇಕು, ಆಮೇಲೆ ಕೆಡವುವವರು ಬರುತ್ತಾರೆ.

ಬೆಳಿಗ್ಗೆ ಅಲ್ಲಿ ಕಾರಿನಿಂದ ಇಳಿದು ಕ್ಯಾಮೆರಾ ಹೊರಗೆ ತೆಗೆದೆನೋ ಇಲ್ಲವೋ, ಲೆನ್ಸಿನ ಮೇಲೆ ಮಂಜು ಕವಿಯಿತು. ಕಾರಿನೊಳಗೆ ಎಸಿ, ಹೊರಗೆ ಮಂಗಳೂರನ್ನೂ ಮೀರಿಸುವ ಸೆಕೆ. ಒರೆಸಿದಷ್ಟೂ ಮತ್ತೆ ಮಂಜು. ಅದು ತಾನಾಗಿ ಆರುವವರೆಗೆ ಕಾಯದೆ ಬೇರೆ ದಾರಿ ಇರಲಿಲ್ಲ. ಆ ಹೊತ್ತಿನಲ್ಲೇ ಚರ್ಚಿನ ಬಾಗಿಲಲ್ಲಿ ನಿಂತಿದ್ದ ಮದರ್ ಲೂಯೆಲ್ಲಾ ಅವರ ಪರಿಚಯವಾದದ್ದು.

ಆ ಚರ್ಚಿನಲ್ಲಿ ಹಿರಿಯ ಹೆಂಗಸರನ್ನು ‘ಮದರ್’ ಎಂದು ಕರೆಯುತ್ತಾರೆ. ಲೂಯೆಲ್ಲಾ ಅವರೆಲ್ಲರಿಗಿಂತ ಹಿರಿಯರು. ಎತ್ತರದ ಆಳು, ಬೆನ್ನು ಮಾತ್ರ ಸ್ವಲ್ಪ ಬಾಗಿತ್ತು. ಅವರ ಇಂಗ್ಲಿಷು ನನ್ನ ಕಿವಿಗೆ ಹತ್ತಲಿಲ್ಲ, ನನ್ನ ಇಂಗ್ಲಿಷು ಅವರಿಗೆ ತಿಳಿಯಲಿಲ್ಲ. ಸಲೀಮ್ ನಡುವೆ ನಿಂತು ಅತ್ತಿಂದಿತ್ತ ಮಾತು ಸಾಗಿಸಿದ. ಹಾಗಾಗಿ ಈಗಲೂ ನನ್ನ ನೆನಪಿನಲ್ಲಿ ಆ ಹೆಣ್ಣುಮಗಳು ವಿಜಾಪುರದ ಕನ್ನಡದಲ್ಲೇ ಮಾತಾಡುತ್ತಾರೆ.

ಅವರಿಗೆ ಬೇಕಾದದ್ದು ಒಂದೇ. ಆ ಚರ್ಚಿನಲ್ಲಿ ಅವರ ಮದುವೆಯಾಗಿತ್ತು, ಮಕ್ಕಳ ನಾಮಕರಣವಾಗಿತ್ತು, ಗಂಡನ ಶವಪೆಟ್ಟಿಗೆ ಅಲ್ಲಿಂದಲೇ ಹೊರಟಿತ್ತು. ಎಲ್ಲದಕ್ಕೂ ಫೋಟೊ ಇದ್ದವು. ಕೈಚೀಲದಿಂದ ತೆಗೆದು ತೋರಿಸಿದರು. ಎಲ್ಲವೂ ಫ್ಲಾಶಿನಲ್ಲಿ ತೆಗೆದವು. ಮುಖಗಳು ಬೆಳ್ಳಗೆ, ಹಿಂದೆಲ್ಲ ಕಪ್ಪು.

“ಇವುದ್ರಾಗ ನಾವೆಲ್ಲಾ ಇದ್ದೀವಿ, ಚರ್ಚೇ ಇಲ್ಲ ಅಂತಾರ್ರೀ,” ಎಂದ ಸಲೀಮ್. “ನಾ ಕೂತಲ್ಲಿಂದ ಮುಂಜಾನಿ ಹೊತ್ತಿನ್ಯಾಗ ಅದು ಹೆಂಗ ಕಾಣತಿತ್ತೋ ಹಂಗ ಒಂದು ಚಿತ್ರ ಬೇಕು, ಹೊಸಾ ಜಾಗಾದಾಗ ಇಟಗೋತೀವಿ ಅಂತಾರ.”

ನನಗೆ ಇದಕ್ಕಿಂತ ಒಪ್ಪುವ ಕೆಲಸ ಯಾರೂ ಹೇಳಿರಲಿಲ್ಲ. ಒಳಗೆ ಹೋದೆ. ಪೂರ್ವದ ಗೋಡೆಯುದ್ದಕ್ಕೂ ಕಿಟಕಿಗಳು. ಬಣ್ಣದ ಗಾಜಿನ ಚಿತ್ರಗಳೇನೂ ಇಲ್ಲ, ಜೇನುಬಣ್ಣದ ಸಾದಾ ಗಾಜು. ಮರದ ಬೆಂಚುಗಳು, ಕಪ್ಪಾದ ಮರದ ನೆಲ. ಲೂಯೆಲ್ಲಾ ಕೂರುತ್ತಿದ್ದುದು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲಿ. ಬಂದವರನ್ನು ಬರಮಾಡಿಕೊಂಡು ಕೂರಿಸುವ ಸೇವೆ ಬಹಳ ಕಾಲ ಅವರದಾಗಿತ್ತು, ಜಾಗ ಹಾಗೇ ಉಳಿದುಬಿಟ್ಟಿತ್ತು. ಕ್ಯಾಮೆರಾವನ್ನು ಅಲ್ಲೇ ಇಟ್ಟೆ. ರೂಢಿಯಂತೆ ಎಲ್ಲರನ್ನೂ ಹೊರಗೆ ಕಳಿಸಿದೆ. ಲೂಯೆಲ್ಲಾ ಕೂಡ ಹೋದರು.

ಚಿತ್ರ ಆಗಲಿಲ್ಲ. ಲೆನ್ಸು ಆರುವ ಹೊತ್ತಿಗೆ ಮೋಡ ಬಂತು. ನಡುನಡುವೆ ಬಿಸಿಲು ಬಿದ್ದಾಗಲೂ ಅದು ಕಿಟಕಿಯಿಂದ ಇಳಿದು ಕಪ್ಪು ನೆಲಕ್ಕೆ ಬಿದ್ದು ಅಲ್ಲೇ ಸತ್ತುಹೋಗುತ್ತಿತ್ತು. ಮೇಲೆ ಛಾವಣಿ ಇದೆಯೋ ಇಲ್ಲವೋ ತಿಳಿಯದಷ್ಟು ಕತ್ತಲೆ. ಕಿಟಕಿ ಸರಿಯಾಗಿ ಬಂದರೆ ಚರ್ಚು ಬರುವುದಿಲ್ಲ, ಚರ್ಚು ಬಂದರೆ ಕಿಟಕಿ ಸುಟ್ಟುಹೋಗುತ್ತದೆ. ಫ್ಲಾಶಿನ ಫೋಟೊಗಳನ್ನು ನೋಡಿ ಒಳಗೊಳಗೇ ಮೂಗು ಮುರಿದಿದ್ದ ನನಗೆ, ನನ್ನ ಬಿಸಿಲೂ ಕೈಕೊಟ್ಟಿತ್ತು. ಹೊರಗೆ ಮೆಟ್ಟಿಲ ಮೇಲೆ ಕಾಯುತ್ತಿದ್ದ ಮುದುಕಿಯ ಮುಖ ನೋಡಲು ಸಂಕಟವಾಯಿತು. ನಾಳೆ ಆರಾಧನೆ ಶುರುವಾಗುವ ಮೊದಲು ಬರುತ್ತೇನೆ ಎಂದೆ. ಅದು ಬಿಟ್ಟರೆ ಬೇರೆ ದಿನವೇ ಇರಲಿಲ್ಲ.

ಹ್ಯೂಸ್ಟನ್, ಭಾನುವಾರ

ಬೆಳಿಗ್ಗೆ ಕಾರು ಆ ಬೀದಿಗೆ ತಿರುಗುತ್ತಿದ್ದಂತೆ ನಾನು ಕಿಟಕಿಯತ್ತ ಬಾಗಿದೆ. ಚರ್ಚಿನ ಮುಂದೆ ನಿಂತಿದ್ದ ಹೆಂಗಸರೆಲ್ಲ ಅಡಿಯಿಂದ ಮುಡಿಯವರೆಗೆ ಬಿಳಿ. ಬಿಳಿಯ ಲಂಗ, ಬಿಳಿಯ ಟೋಪಿ, ಬಿಳಿಯ ಕೈಗವುಸು.

ನಮ್ಮ ಮನೆತನದಲ್ಲಿ ಬಿಳಿಗೆ ಒಂದೇ ಅರ್ಥ. ಗಂಡ ಸತ್ತವರು ಬಿಳಿ ಸೀರೆ ಉಡುತ್ತಾರೆ. ನಮ್ಮ ಅತ್ತೆ ಉಟ್ಟಿದ್ದರು. ನನ್ನ ಸರದಿ ಬಂದಾಗ ಅವರೇ ನನ್ನ ಟ್ರಂಕು ತೆಗೆದು ಒಂದು ಹಸಿರು ಸೀರೆ ಕೈಗಿಟ್ಟು, ಇದನ್ನೇ ಉಡು ಎಂದಿದ್ದರು. ಅದು ಬೇರೆ ಕತೆ. ಆದರೆ ಅಷ್ಟೊಂದು ಬಿಳಿಯನ್ನು ಒಟ್ಟಿಗೆ ಕಂಡಾಗ, ರಾತ್ರಿ ಯಾರೋ ತೀರಿಕೊಂಡಿದ್ದಾರೆ ಎಂದೇ ನಾನು ತಿಳಿದೆ. ಲೂಯೆಲ್ಲಾ ಎಲ್ಲೂ ಕಾಣಲಿಲ್ಲ. ಅವರೇ ಹೋದರು ಎಂದುಕೊಂಡೆ. ಕಾರಿನಿಂದ ಇಳಿದವಳೇ ಎದುರು ಸಿಕ್ಕ ಹೆಂಗಸಿನ ಎರಡೂ ಕೈ ಹಿಡಿದುಕೊಂಡು, ನನಗೆ ಬಂದ ಇಂಗ್ಲಿಷಿನಲ್ಲಿ, ಬಹಳ ದುಃಖವಾಯಿತು, ದೇವರು ನಿಮಗೆ ಧೈರ್ಯ ಕೊಡಲಿ ಎಂದೆ. ಕಣ್ಣಲ್ಲಿ ನೀರು ಕೂಡ ಬಂದಿತ್ತು. ಆಕೆ ಕಕ್ಕಾಬಿಕ್ಕಿಯಾದರು.

ಸಲೀಮ್ ಓಡಿ ಬಂದು ವಿಷಯ ಬಿಡಿಸಿದ. ಯಾರೂ ಸತ್ತಿರಲಿಲ್ಲ. ತಿಂಗಳ ಮೊದಲ ಭಾನುವಾರ ಅವರಲ್ಲಿ ಪ್ರಭುವಿನ ಭೋಜನ, ರೊಟ್ಟಿ ಮುರಿದು ಹಂಚಿಕೊಳ್ಳುವ ದಿನ. ಅಂದು ಹಿರಿಯ ಹೆಂಗಸರೆಲ್ಲ ಬಿಳಿ ಉಡುವುದು ಪದ್ಧತಿ. ನಮ್ಮಲ್ಲಿ ಹಬ್ಬಕ್ಕೆ ಇಳಕಲ್ ಸೀರೆ ತೆಗೆಯುವ ಹಾಗೆ. ಸುತ್ತ ನಿಂತವರು ಬಾಯಿಗೆ ಕೈ ಹಿಡಿದು ನಕ್ಕರು. ಅಷ್ಟರಲ್ಲಿ ಲೂಯೆಲ್ಲಾ ಒಳಗಿಂದ ಬಂದರು, ಅವರೂ ಬಿಳಿ. ನಡೆದದ್ದನ್ನು ಕೇಳಿ ಅವರು ಮಾತ್ರ ನಗಲಿಲ್ಲ. ನನ್ನ ಕೈ ಹಿಡಿದು ಏನೋ ಹೇಳಿದರು.

“ಇವತ್ತ ಆಕಿ ಅಂದದ್ದೇನ ತಪ್ಪಲ್ಲ ಬಿಡು, ಅಂತಾರ್ರೀ,” ಎಂದ ಸಲೀಮ್.

ಪಾದ್ರಿಗಳು ಒಳ್ಳೆಯವರು. ಆರಾಧನೆಗೆ ಮೊದಲು ಸ್ವಲ್ಪ ಹೊತ್ತು ಚರ್ಚನ್ನು ಖಾಲಿ ಮಾಡಿಕೊಡಲು ಒಪ್ಪಿದ್ದರು. ಆದರೆ ಹೆಂಗಸರು ಆಗಲೇ ಬಂದು ತಮ್ಮ ತಮ್ಮ ಜಾಗಗಳಲ್ಲಿ ಕೂತಿದ್ದರು. ನಾನು ಕೊನೆಯ ಸಾಲಿನಲ್ಲಿ ಕ್ಯಾಮೆರಾ ನಿಲ್ಲಿಸಿ ತಲೆ ಎತ್ತಿದೆ. ಚರ್ಚಿಗೆ ಛಾವಣಿ ಇತ್ತು. ತೆಳು ನೀಲಿ ಬಣ್ಣ ಬಳಿದ ಹಲಗೆಗಳ ಛಾವಣಿ. ಹಿಂದಿನ ದಿನ ಇಡೀ ಹೊತ್ತು ಅದರ ಕೆಳಗೆ ನಿಂತಿದ್ದರೂ ನನಗೆ ಕಂಡಿರಲಿಲ್ಲ.

ಪಾದ್ರಿಗಳು ಕೈ ಎತ್ತಿದರು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ನನ್ನನ್ನು ದಾಟಿ ಬಾಗಿಲಿನತ್ತ ಹೊರಟರು. ಸಾಲುಗಳು ಖಾಲಿಯಾದ ಹಾಗೆ ಛಾವಣಿಯ ನೀಲಿ ಮಂಕಾಗುತ್ತ ಬಂತು, ಗೋಡೆಗಳು ಹಿಂದೆ ಸರಿದವು, ನೆಲ ಮತ್ತೆ ಬಿಸಿಲನ್ನು ನುಂಗತೊಡಗಿತು. ಆಗ ನನಗೆ ಹೊಳೆಯಿತು. ಕಿಟಕಿಯಿಂದ ಬಂದ ಬಿಸಿಲು ಅವರ ಬಿಳಿ ಬಟ್ಟೆಗೆ ಬಿದ್ದು, ಅಲ್ಲಿಂದ ಮೇಲಕ್ಕೆ ಚಿಮ್ಮಿ ಇಡೀ ಚರ್ಚನ್ನು ಬೆಳಗುತ್ತಿತ್ತು. ಲೂಯೆಲ್ಲಾ ಇಷ್ಟು ವರ್ಷ ಕೊನೆಯ ಸಾಲಿನಿಂದ ನೋಡಿದ ಚರ್ಚು ಈ ಹೆಂಗಸರು ಕೂತ ಚರ್ಚು. ಖಾಲಿ ಚರ್ಚು ಅವರು ಕೇಳಿದ ಚರ್ಚೇ ಅಲ್ಲ.

“ಬ್ಯಾಡ್ರಿ,” ಎಂದೆ. ಗಾಬರಿಯಲ್ಲಿ ಕನ್ನಡವೇ ಬಂತು. “ಯಾರೂ ಹೊರಗ ಹೋಗಬ್ಯಾಡ್ರಿ. ಸಲೀಮ್, ಒಳಗ ಕರಿಯಪಾ ಎಲ್ಲಾರ್ನೂ.”

ಅವರು ತಿರುಗಿ ಬಂದು ಕೂತರು. ಅವರು ಕೂತಂತೆ ನೀಲಿ ಮತ್ತೆ ಮೇಲೇರಿತು. ಇಷ್ಟು ವರ್ಷಗಳಲ್ಲಿ ನಾನು ಎಷ್ಟು ಗುಡಿಗಳ ಬೆಳಕನ್ನು ಹೊರಗೆ ಕಳಿಸಿ ಫೋಟೊ ತೆಗೆದಿರಬಹುದು ಎಂದು ಲೆಕ್ಕ ಹಾಕತೊಡಗಿದೆ.

ಆದರೆ ಬಿಸಿಲು ನಮಗೋಸ್ಕರ ನಿಲ್ಲಲಿಲ್ಲ. ಮೋಡ ಬಂತು. ಆರಾಧನೆ ಶುರುವಾಯಿತು. ಆ ಹಾಡುಗಾರಿಕೆಯನ್ನು ನಾನು ಬಣ್ಣಿಸಲಾರೆ. ನಮ್ಮ ಭಜನೆಯಲ್ಲಿ ತಾಳ ಏರಿದಾಗ ಕೂತವರು ಕೂತಲ್ಲೇ ತೂಗುತ್ತಾರಲ್ಲ, ಹಾಗೆ ಇಡೀ ಚರ್ಚು ತೂಗುತ್ತಿತ್ತು. ಅಂಥಲ್ಲಿ ನನ್ನ ಕ್ಯಾಮೆರಾಕ್ಕೆ ಕೆಲಸವಿರಲಿಲ್ಲ. ನಿಧಾನದ ಫಿಲ್ಮು, ಲೆನ್ಸಿನ ಮುಚ್ಚಳ ಬಹಳ ಹೊತ್ತು ತೆರೆದಿರಬೇಕು, ಎದುರಿಗೆ ಇರುವವರು ಅಲುಗಬಾರದು. ಮೌನ ಪ್ರಾರ್ಥನೆಯ ಹೊತ್ತಿಗೆ ಯಾರೂ ಅಲುಗದಿರಿ ಎಂದು ಪಾದ್ರಿಗಳು ಮೊದಲೇ ಹೇಳಿದ್ದರು. ಲೂಯೆಲ್ಲಾ ತಮ್ಮ ಜಾಗವನ್ನು ನನ್ನ ಕ್ಯಾಮೆರಾಕ್ಕೆ ಬಿಟ್ಟುಕೊಟ್ಟು ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿದ್ದರು.

ಎಲ್ಲರೂ ತಲೆ ಬಾಗಿಸಿದರು. ಮೋಡ ಸರಿಯಿತು. ಕಿಟಕಿಗಳು ಒಂದಾದ ಮೇಲೊಂದು ಹೊತ್ತಿಕೊಂಡವು. ನಾನು ಮುಚ್ಚಳ ತೆರೆದೆ.

ಹೊತ್ತು ಎಣಿಸಲು ನನಗೊಂದು ಅಭ್ಯಾಸವಿದೆ. ಹುಬ್ಬಳ್ಳಿಗೆ ಹೋಗುವ ರೈಲಿನ ನಿಲ್ದಾಣಗಳನ್ನು ಮನಸ್ಸಿನಲ್ಲೇ ಸಾವಕಾಶ ಹೇಳಿಕೊಳ್ಳುತ್ತೇನೆ. ಧಾರವಾಡ ಬಿಟ್ಟೆ. ನವಲೂರು ಬರುವಷ್ಟರಲ್ಲಿ ಪಕ್ಕದಲ್ಲಿ ಬಟ್ಟೆ ಸರಿದ ಸಪ್ಪಳವಾಯಿತು. ಲೂಯೆಲ್ಲಾ ನಡೆಯುತ್ತಿದ್ದರು. ಪೂರ್ವದ ಗೋಡೆಗುಂಟ, ಒಂದೊಂದು ಕಿಟಕಿಯ ಬುಡದ ಹಲಗೆಯ ಮೇಲೂ ಅಂಗೈ ಇಟ್ಟು ಮುಂದಕ್ಕೆ ಹೋಗುತ್ತಿದ್ದರು. ಚಿತ್ರ ಬೇಕೆಂದು ಕೇಳಿದವರೇ ಚಿತ್ರದ ನಡುವೆ ನಡೆದು ಹೋಗುತ್ತಿದ್ದಾರೆ! ಕೂಗುವಂತಿಲ್ಲ, ಮುಚ್ಚುವಂತಿಲ್ಲ. ಅಮರಗೋಳ ದಾಟಿತು. ಉಣಕಲ್ ಬಂತು. ಅವರು ಕೊನೆಯ ಕಿಟಕಿ ಮುಟ್ಟಿದರು. ಹುಬ್ಬಳ್ಳಿಯಲ್ಲಿ ಮುಚ್ಚಿದೆ. ಮೋಡ ಮತ್ತೆ ಕವಿದುಕೊಂಡಿತು, ಆರಾಧನೆ ಮುಗಿಯುವವರೆಗೂ ಸರಿಯಲಿಲ್ಲ.

ಆಮೇಲೆ ಸಲೀಮನ ಮೂಲಕ ಹೇಳಿದೆ, ಅಮ್ಮಾ, ನೀವು ಅಲುಗಿದಿರಿ, ಒಂದೇ ಚಿತ್ರ ಸಿಕ್ಕಿದ್ದು, ಅದರಲ್ಲಿ ನೀವು ಬರುವುದಿಲ್ಲ ಎಂದು. ಅವರಿಗೆ ಅದರ ಚಿಂತೆ ಇದ್ದಂತೆ ಕಾಣಲಿಲ್ಲ. ಆ ಕಿಟಕಿಗಳನ್ನು ಒರೆಸುವ ಕೆಲಸ ಮೊದಲಿನಿಂದ ಅವರದಂತೆ.

“ಅವಕ್ಕ ಹೇಳದ ಹೆಂಗ ಹೋಗ್ಲಿ, ಅಂತಾರ್ರೀ ಆಂಟಿ,” ಎಂದು ಸಲೀಮ್ ಮುಖ ಅತ್ತ ತಿರುಗಿಸಿದ.

ಆಸ್ಟಿನ್

ಸೋಮವಾರ ಸಲೀಮನೇ ಡ್ರೈವ್ ಮಾಡಿಕೊಂಡು ಆಸ್ಟಿನ್ನಿಗೆ ಕರೆತಂದ. ಊರಂಚಿನ ಫ್ಲೂಗರ್‌ವಿಲ್‌ನಲ್ಲಿ ಅವನ ಗೆಳೆಯನ ಅಕ್ಕನ ಮನೆ. ಊಟಕ್ಕೆ ಜೋಳದ ರೊಟ್ಟಿ ಸಿಕ್ಕಿತು, ಶೇಂಗಾ ಚಟ್ನಿಯೂ ಇತ್ತು. ಊರು ಚೆಂದ. ಅಲ್ಲಿಯ ಹಳೆಯ ಕಟ್ಟಡಗಳು ಸುಣ್ಣದ ಕಲ್ಲಿನವು, ಸಂಜೆಯ ಬಿಸಿಲಿಗೆ ಬೆಣ್ಣೆಯ ಬಣ್ಣಕ್ಕೆ ತಿರುಗುತ್ತವೆ. ಬೇರೆ ದಿನವಾಗಿದ್ದರೆ ನಾನು ಹುಚ್ಚಿಯಂತೆ ಓಡಾಡುತ್ತಿದ್ದೆ.

ಮಂಗಳವಾರ ಸಂಜೆ ಅಂಥದೊಂದು ಕಲ್ಲಿನ ಕಟ್ಟಡದ ಮುಂದೆ ನಿಂತಿದ್ದಾಗ ಪಕ್ಕದಲ್ಲಿದ್ದ ಸಲೀಮನಿಗೆ ಹ್ಯೂಸ್ಟನ್ನಿಂದ ಫೋನು ಬಂತು. ಮಾತಾಡಿ ಮುಗಿಸಿ ನನ್ನ ಕಡೆ ತಿರುಗಿದ. ಕೇಳಬೇಕಾಗಿರಲಿಲ್ಲ. ಬೆಳಿಗ್ಗೆಯೇ ಛಾವಣಿಯಿಂದ ಶುರು ಮಾಡಿದ್ದರಂತೆ, ಮಧ್ಯಾಹ್ನದ ಹೊತ್ತಿಗೆ ನೆಲ ಸಮ. ಅವನು ಆ ಕೇರಿಯ ಇಂಚು ಇಂಚನ್ನೂ ಅಳೆದವನು. ಮೆಟ್ಟಿಲ ಮೇಲೆ ಕೂತು ಅತ್ತ. ನಾನು ಪಕ್ಕದಲ್ಲಿ ಕೂತೆ. 

ಎದುರಿನ ಕಟ್ಟಡದ ಮೇಲೆ ಬೆಳಕು ಬಹಳ ಚೆನ್ನಾಗಿತ್ತು. ಅದರ ಮೆಟ್ಟಿಲ ಬಳಿ ಇಬ್ಬರು ಹೆಂಗಸರು ನಿಂತು ಹರಟುತ್ತಿದ್ದರು. ಹಿಂದಿನ ನಾನಾಗಿದ್ದರೆ ಅವರು ಯಾವಾಗ ತೊಲಗುತ್ತಾರೋ ಎಂದು ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದೆ. ಅಂದು ಅವರು ಹೊರಟುಹೋದಾಗ ಕಟ್ಟಡ ಬಡವಾದಂತೆ ಅನಿಸಿತು. ಕ್ಯಾಮೆರಾ ಚೀಲದಿಂದ ತೆಗೆಯಲೇ ಇಲ್ಲ.

ಧಾರವಾಡ

ವಾಪಸು ಬರುವಾಗ ಬೆಂಗಳೂರಿನಲ್ಲಿ ಇಳಿದು ಫಿಲ್ಮು ತೊಳೆಸಿದೆ. ಲ್ಯಾಬಿನ ಮಾಲೀಕರು ಪರಿಚಯದವರು, ಕೆಲಸದಲ್ಲಿ ಕಟ್ಟುನಿಟ್ಟು. ಸ್ಲೈಡನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು ಭೂತಗನ್ನಡಿ ಹಿಡಿದು ನೋಡಿದರು. ಚಿತ್ರ ಬಂದಿತ್ತು. ಜೇನುಬಣ್ಣದ ಕಿಟಕಿಗಳು, ಬಾಗಿದ ಬಿಳಿ ಟೋಪಿಗಳ ಸಾಲು, ಮೇಲೆ ನೀಲಿ ಛಾವಣಿ. ಎಡಗಡೆ ಕಿಟಕಿಗಳ ಕೆಳಗೆ, ಗೋಡೆಯುದ್ದಕ್ಕೂ ತೆಳ್ಳಗೆ ಒಂದು ಬಿಳಿಯ ಮಬ್ಬು.

“ಮೇಡಂ, ಇಲ್ಲೇನೋ ಹೊಗೆ ಥರ ಬಂದಿದೆ. ಸ್ಕ್ಯಾನ್ ಮಾಡಿ ಕ್ಲೀನ್ ಮಾಡ್ಬಿಡ್ಲಾ?”

“ಬೇಡಿ. ಅದು ಹೊಗೆಯಲ್ಲ, ಒಬ್ಬ ಹೆಣ್ಣುಮಗಳು,” ಎಂದೆ. ಅವರು ಇನ್ನೊಮ್ಮೆ ನೋಡಿದರು.

ದೊಡ್ಡದೊಂದು ಪ್ರಿಂಟ್ ಮಾಡಿಸಿ ಇಟ್ಟೆ. ರಜೆಗೆ ಬಂದ ಸಲೀಮ್ ಅದನ್ನು ಕೊಳವೆಯಲ್ಲಿ ಸುತ್ತಿಕೊಂಡು ಹೋದ. ಸ್ವಲ್ಪ ದಿನಕ್ಕೆ ಅವನ ಫೋನು ಬಂತು. ಚಿತ್ರಕ್ಕೆ ಕಟ್ಟು ಹಾಕಿಸಿ ಹೊಸ ಸಭಾಂಗಣದಲ್ಲಿ ತೂಗುಹಾಕಿದ್ದಾರೆ, ಪ್ರತಿಯೊಬ್ಬರೂ ತಮ್ಮ ಟೋಪಿ ಹುಡುಕಿಕೊಂಡಿದ್ದಾರೆ, ಲೂಯೆಲ್ಲಾ ಮಾತ್ರ ಆ ಮಬ್ಬನ್ನು ಬೆರಳಿನಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿ ನೋಡಿದರು ಎಂದ. ಎಲ್ಲಿ ಹಾಕಿದ್ದಾರೆ ಎಂದು ಕೇಳಿದೆ. ಪೂರ್ವದ ಕಿಟಕಿಯ ಎದುರು ಗೋಡೆಗೆ, ಬೆಳಗಿನ ಬಿಸಿಲು ನೇರ ಬೀಳುವಲ್ಲಿ, ಲೂಯೆಲ್ಲಾ ತಾವೇ ನಿಂತು ಹಾಕಿಸಿದ್ದಂತೆ.

ನಾನು ಹೌಹಾರಿದೆ. ಬಣ್ಣದ ಪ್ರಿಂಟು ಬಿಸಿಲಿಗೆ ಉಳಿಯುವುದಿಲ್ಲ. ಒಂದೆರಡು ವರ್ಷದಲ್ಲಿ ಬಣ್ಣ ಹಾರಿ ಬಿಳಿಚಿಕೊಳ್ಳುತ್ತದೆ. ಇಂದೇ ತೆಗೆಸು, ನೆರಳಿನ ಗೋಡೆಗೆ ಹಾಕಿಸು ಎಂದೆ. ಅವನು ಹೋಗಿ ಹೇಳಿದ. ಮುಂದಿನ ವಾರ ಅವರ ಉತ್ತರ ಹೇಳಲೆಂದೇ ಮತ್ತೆ ಫೋನು ಮಾಡಿದ.

“ಬಿಸಿಲಿಗೆ ಅಂಜಿ ಕತ್ತಲ್ಯಾಗ ಇಡ್ಲಿಕ್ಕೆ ತಗಸಿಲ್ಲ ಅಂದರ್ರೀ. ಮಾಸಿದ್ರ ಇನ್ನೊಂದು ಕೇಳ್ತೀನಿ, ಅಲ್ಲೀಮಟಾ ಚಿತ್ರ ತಗದಾಕೀನೂ ಇರ್ತಾಳ, ನಾನೂ ಇರ್ತೀನಿ, ಅಂದ್ರು.”

ಇನ್ನೊಂದು ಪ್ರಿಂಟಿಗೆ ಬೇಕಾಗುತ್ತದೆ ಎಂದುಕೊಂಡು ಸ್ಲೈಡನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ಗುಡಿಗಳಿಗೆ ಹೋಗುವುದು, ಜನರನ್ನು ಕೂರಿಸಿಕೊಂಡೇ ಚಿತ್ರ ತೆಗೆಯುವುದು, ಹೀಗೆ ದಿನಗಳು ಹೋದವು. ಸಲೀಮ್ ಓದು ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿದ. ಅವನ ಫೋನು ಬಂದಾಗಲೆಲ್ಲ ಮುದುಕಿ ಹೇಗಿದ್ದಾರೆ ಎಂದು ಕೇಳಲು ಬಾಯಿಗೆ ಬಂದರೂ ಹೆದರಿಕೆಯಾಗಿ ಬೇರೆ ಮಾತೆತ್ತುತ್ತಿದ್ದೆ.

ಒಂದು ಬೆಳಿಗ್ಗೆ ಅವನೇ ಆ ಮಾತು ತೆಗೆದ. ಧ್ವನಿಯಲ್ಲಿ ನಗು ಇತ್ತು.

“ಚಿತ್ರ ಪೂರಾ ಮಾಸೇತಂತ್ರೀ ಆಂಟಿ. ಕಿಟಕಿ ಯಾವುದು, ಗ್ವಾಡಿ ಯಾವುದು ತಿಳೀವಲ್ದು. ಮದರ್ ಸಿಟ್ಟಾಗ್ಯಾರ. ಇನ್ನೊಂದು ಯಾವಾಗ ಕಳಸ್ತಾಳ ಕೇಳು ಆಕೀನ್ನ, ಅಂದಾರ.”

ನಾನು ಫೋನು ಕೈಯಲ್ಲಿ ಹಿಡಿದುಕೊಂಡೇ ಅತ್ತೆ. ನನ್ನ ಕೆಲಸವೊಂದು ಹಾಳಾಯಿತೆಂದು ಕೇಳಿ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಕಪಾಟಿನಿಂದ ಸ್ಲೈಡ್ ತೆಗೆದುಕೊಂಡು ಅಂದು ರಾತ್ರಿಯ ಬಸ್ಸಿಗೇ ಬೆಂಗಳೂರಿಗೆ ಹೊರಟೆ.